ಯಂತ್ರಕ್ಕೆ ಕಲಿಸಿದ ಮರ್ಯಾದೆ

ನಾನು ಹುಟ್ಟಾ ಅಂಜುಬುರುಕ. ಬೀಗ ಹಾಕಿ ಓಣಿಯ ತುದಿ ಮುಟ್ಟಿದವನು ಮರಳಿ ಬಂದು ಬೀಗ ಜಗ್ಗಿ ನೋಡುತ್ತೇನೆ. ಇಂಥವನ ಕೈಗೆ ಧಾರವಾಡದ ಶಾಲೆಯೊಂದರ ಇ-ಮೇಲ್ ಸರ್ವರ್ ಒಪ್ಪಿಸಿದವರ ಧೈರ್ಯವನ್ನು ಮೆಚ್ಚಬೇಕು.

ಅಲ್ಲಿ ಮೇಲ್ ಖಾತೆ ತೆರೆಯುವುದು, ಅಳಿಸುವುದು ಎಲ್ಲವೂ ಬ್ರೌಸರಿನ ಒಂದು ಪುಟದಿಂದಲೇ ನಡೆಯುತ್ತದೆ. ಅದನ್ನು ನಡೆಸುವವರು ಶಾಲಾ ಕಚೇರಿಯ ಶಾಹೀನ್ ಮೇಡಂ, ಹಳೇ ಹುಬ್ಬಳ್ಳಿಯಿಂದ ದಿನಾ ಬರುವವರು. ಪುಟ ಇಂಗ್ಲಿಷಿನಲ್ಲಿತ್ತು, ಅದು ಏನು ಕೇಳಿದರೂ ಅವರು ನನಗೆ ಫೋನು ಮಾಡುತ್ತಿದ್ದರು. ಅವರಿಗಾಗಿ ಕನ್ನಡಕ್ಕೆ ತರೋಣವೆಂದು ಕೂತೆ.

ಕೂತ ಮೇಲೆ ತಿಳಿಯಿತು, ಪದ ಹುಡುಕುವುದು ದೊಡ್ಡದಲ್ಲ. ಯಂತ್ರ ಯಾವ ದನಿಯಲ್ಲಿ ಮಾತಾಡಬೇಕೆಂಬುದೇ ಫಜೀತಿ. ನಮ್ಮೂರಲ್ಲಿ ಜಗಳವೂ ‘ಬರ್ರಿ, ನೋಡೇ ಬಿಡೋಣ್ರಿ’ ಎಂದು ಶುರುವಾಗುತ್ತದೆ. ನಾನೂ ಧಾರಾಳವಾಗಿ ಮರ್ಯಾದೆ ಸುರಿದೆ: ‘ಈ ಖಾತೆಯನ್ನು ಅಳಿಸಲು ತಾವು ಅಪ್ಪಣೆ ಕೊಡುವಿರಾ?’ ಕೆಳಗೆ ಎರಡು ಗುಂಡಿ, ‘ಆಗಲಿ’ ಮತ್ತು ‘ಬೇಡ’.

ಆ ವಾರವೇ ಫೋನು ಬಂತು. ನಿವೃತ್ತ ಶಿಕ್ಷಕರೊಬ್ಬರ ಖಾತೆ ತೆಗೆಯಲು ಹೋದ ಮೇಡಂ, ಪಟ್ಟಿಯಲ್ಲಿ ಅದರ ಕೆಳಗಿನ ಸಾಲಿನಲ್ಲಿದ್ದ ಮುಖ್ಯೋಪಾಧ್ಯಾಯಿನಿಯ ಖಾತೆ ಅಳಿಸಿದ್ದರು. ಪರೀಕ್ಷೆಯ ಪತ್ರವ್ಯವಹಾರವೆಲ್ಲ ಅದರಲ್ಲೇ ಇತ್ತು. ನಾನು ಕೇಳಿದೆ:

“ಅಳಿಸಲೇನು ಅಂತ ಕೇಳಲಿಲ್ಲೇನ್ರಿ ಅದು?”

“ಕೇಳಿತ್ರಿ. ಒತ್ತೋ ಮುಂದ ಅನುಮಾನನೂ ಬಂತು. ಆದ್ರ ಅಷ್ಟು ಮರ್ಯಾದಿಲೆ ಅಪ್ಪಣಿ ಕೇಳಿದ್ರ ಬ್ಯಾಡ ಅಂತ ಹ್ಯಾಂಗ ಅನ್ನೂದ್ರಿ?”

ಬೈಯುವ ಹಕ್ಕು ನನಗೂ ಇರಲಿಲ್ಲ. ಹೋಳಿಗೆ ಹಿಡಿದು ಬಗ್ಗಿ ‘ಒಂದು ಹಾಕ್ಲೇನ್ರಿ’ ಎಂದವರಿಗೆ, ಹೊಟ್ಟೆ ಬಿರಿಯುವಂತಿದ್ದರೂ ಹೂಂ ಎನ್ನುವ ಪಂಗಡ ನಮ್ಮದು.

ಹಿಂದಿನ ಸಂಜೆ ತೆಗೆದಿಟ್ಟ ಬ್ಯಾಕಪ್ ಪ್ರತಿ ಇತ್ತು. ಅದು ತೆರೆಯುವತನಕ ಮನೆದೇವರಿಗೆ ಏನೇನು ಹರಕೆ ಹೊತ್ತೆನೋ ನೆನಪಿಲ್ಲ, ದೇವರಿಗೂ ನೆನಪಿರದಿರಲಿ. ಪತ್ರಗಳೆಲ್ಲ ಮರಳಿ ಬಂದವು, ಅಂಜಿಕೆ ಮಾತ್ರ ಹೋಗಲಿಲ್ಲ. ಮರ್ಯಾದೆಯನ್ನು ಕಿತ್ತುಹಾಕಿ ಬರೆದೆ: ‘ಎಚ್ಚರ. ಅಳಿಸಿದರೆ ಎಲ್ಲ ಹಾಳು. ಆಮೇಲೆ ಅತ್ತು ಉಪಯೋಗವಿಲ್ಲ.’

ಮರುದಿನ ಮತ್ತೆ ಫೋನು. ಮೇಡಂ ದನಿ ಸಣ್ಣಗಾಗಿತ್ತು.

“ಸರ, ನನ್ನ ಮ್ಯಾಲೆ ಸಿಟ್ಟಾಗೀರೇನ್ರಿ?”

“ಛೇ, ಇಲ್ರಿ. ಅದು ಯಂತ್ರದ ಮಾತು.”

“ಇಂಗ್ಲಿಷಿನ್ಯಾಗ ಬೈದ್ರ ಯಂತ್ರ ಬೈತು ಅಂತಿದ್ದೆ. ಕನ್ನಡದಾಗ ಬೈದವರು ನೀವ ಅಲ್ಲೇನ್ರಿ?”

ಮಾತು ನಿಜ. ಕನ್ನಡ ಕೊಟ್ಟು ಆ ಯಂತ್ರಕ್ಕೆ ನನ್ನದೇ ಬಾಯಿ ಇಟ್ಟಿದ್ದೆ. ಹಾಗಾದರೆ ಇದ್ದದ್ದನ್ನೇ ಹೇಳಲಿ ಎಂದು ಕೊನೆಗೆ ಹೀಗೆ ತಿದ್ದಿದೆ: ‘ಹೆಸರು ಇನ್ನೊಮ್ಮೆ ನೋಡ್ರಿ. ನನಗ ಅಂಜಿಕಿ ಆಗತೈತಿ.’

ಈಗ ಯಾವುದೇ ಖಾತೆ ಅಳಿಸುವ ಮುಂಚೆ ಮೇಡಂ ತಾವಾಗಿಯೇ ಫೋನು ಮಾಡಿ ನನಗೆ ಸಮಾಧಾನ ಹೇಳುತ್ತಾರೆ: “ಅಂಜಬ್ಯಾಡ್ರಿ ಸರ, ಹೆಸರು ನೋಡೇ ಒತ್ತಾಕತ್ತೇನಿ.”