ಹೆಬ್ಬೆರಳಿನ ಅಳತೆಗೆ ಮಾಡಿದ ಪೆಟ್ಟಿಗೆ

ಆ ಭಾನುವಾರ ಬೆಳಿಗ್ಗೆ ಮಾಡಿದ ಕೆಲಸಗಳು: ಬಟ್ಟೆಯಲ್ಲಿ ಕಟ್ಟಿಟ್ಟಿದ್ದ ಹುರುಳಿಕಾಳು ಮೊಳಕೆ ಒಡೆದಿದೆಯೇ ಎಂದು ಬಿಚ್ಚಿ ನೋಡಿ ಮತ್ತೆ ಕಟ್ಟಿದೆ. ಮೋಟರು ಹಾಕಿ ಮೇಲಿನ ಟ್ಯಾಂಕು ತುಂಬಿಸಿದೆ. ಯಜಮಾನರ ಬಿಳಿ ಜುಬ್ಬಕ್ಕೆ ಇಸ್ತ್ರಿ ಮಾಡಿದೆ. ಹಾರ್ಮೋನಿಯಂ ಒರೆಸಿ, ಅರಿಶಿನ ಕುಂಕುಮ ಇಟ್ಟು, ಊದುಬತ್ತಿ ಬೆಳಗಿದೆ. ತಮ್ಮನ ಗಂಟಲಿಗೆಂದು ಮೆಣಸಿನ ಕಷಾಯ ಕುದಿಸಿ ಫ್ಲಾಸ್ಕಿಗೆ ತುಂಬಿದೆ. ಕೊನೆಗೆ ಪೆಟ್ಟಿಗೆಯ ಗುಂಡಿಗಳನ್ನೆಲ್ಲ ಒಂದೊಂದಾಗಿ ಒತ್ತಿ, ಹಸಿರು ದೀಪಗಳೆಲ್ಲ ಹತ್ತುವುದನ್ನು ನೋಡಿ, ಹಳೇ ಟವೆಲಿನಲ್ಲಿ ಮಗುವಿನಂತೆ ಸುತ್ತಿ ಚೀಲಕ್ಕಿಟ್ಟೆ.

ನಮ್ಮ ಯಜಮಾನರು ಪೌರಾಣಿಕ ನಾಟಕಗಳ ಹಾರ್ಮೋನಿಯಂ ಮೇಷ್ಟ್ರು. ಯಲಹಂಕದ ಸುತ್ತಲಿನ ಹಳ್ಳಿಗಳೆಲ್ಲ ಲೇಔಟುಗಳಾದರೂ ಅಲ್ಲಿನ ಗೌಡರ ಮನೆಯವರಿಗೆ ಕಿರೀಟದ ಆಸೆ ಹೋಗಿಲ್ಲ. ಹೊಲವಿದ್ದ ಜಾಗದಲ್ಲಿ ಅಪಾರ್ಟ್‌ಮೆಂಟು ಎದ್ದಿದೆ. ಅದನ್ನು ಕಟ್ಟಿಸಿದವರು ವರ್ಷಕ್ಕೊಮ್ಮೆ ಬಣ್ಣ ಹಚ್ಚಿಕೊಂಡು ರಾಜರಾಗುತ್ತಾರೆ. ಖರ್ಚಿಗೆ ಯಾರ ಕೈ ದೊಡ್ಡದೋ ಅವರಿಗೆ ದೊಡ್ಡ ಪಾರ್ಟು, ಅದು ಅಲ್ಲಿನ ಪದ್ಧತಿ. ಮಾತು, ಕಂದಪದ್ಯ, ಹಾಡು ಎಲ್ಲವನ್ನೂ ತಿಂಗಳುಗಟ್ಟಲೆ ಕೂರಿಸಿ ಕಲಿಸುವವರು ಇವರು. ಈಗೀಗ ರಾತ್ರಿಯಿಡೀ ನೋಡುವವರಿಲ್ಲ, ಭಾನುವಾರ ಬೆಳಿಗ್ಗೆಯೇ ಸಮುದಾಯ ಭವನದಲ್ಲಿ ಪರದೆ ಏಳುತ್ತದೆ.

ರಂಗದ ಮೇಲೆ ಐದು ಮೈಕು. ಐದೂ ಒಟ್ಟಿಗೆ ತೆರೆದಿದ್ದರೆ ಕುಯ್ಯೋ ಎಂದು ಕೂಗುತ್ತವೆ. ಸೌಂಡಿನ ಹುಡುಗರು ಫೋನು ನೋಡುತ್ತಾ ಕೂತಿರುತ್ತಾರೆ. ಇವರಿಗೆ ಒಂದು ಕೈ ಹಾರ್ಮೋನಿಯಂನ ಸ್ವರದ ಮನೆಗಳ ಮೇಲೆ, ಇನ್ನೊಂದು ಗಾಳಿ ಹಾಕುವ ತಿದಿಯ ಮೇಲೆ. ಖಾಲಿ ಇರುವುದು ಕಾಲು ಮಾತ್ರ.

"ಕಾಲಲ್ಲಿ ಒತ್ತಿದ್ರೆ ಬೇಕಾದ್ ಮೈಕ್ ಮಾತ್ರ ಆನ್ ಆಗೋ ಹಂಗೆ ಏನಾದ್ರೂ ಮಾಡಕ್ಕಾಗುತ್ತೇನೇ?" ಎಂದು ಒಂದು ದಿನ ಕೇಳಿದರು.

ನನ್ನನ್ನು ಕೇಳಿದ್ದಕ್ಕೆ ಕಾರಣವಿದೆ. ಮದುವೆಗೆ ಮುಂಚೆ, ಆಮೇಲೂ ಕೆಲವು ವರ್ಷ, ಯಶವಂತಪುರದ ಕಡೆ ಒಂದು ಕಾರ್ಖಾನೆಯ ಲೈನಿನಲ್ಲಿ ಕೂತು ಸೋಲ್ಡರಿಂಗ್ ಮಾಡಿದವಳು ನಾನು. ಕಣ್ಣು ಸ್ವಲ್ಪ ಮಂದವಾಗಿದೆ, ಕೈ ಮರೆತಿಲ್ಲ.

ದಿನಪತ್ರಿಕೆಯ ಮೇಲೆ ಇವರ ಬಲಗಾಲು ಇಡಿಸಿ, ಚಪ್ಪಲಿ ಹೊಲಿಯುವವರ ಹಾಗೆ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದೆ. ಪೂಜೆ ಮಾಡಿದ ಹಾರ್ಮೋನಿಯಂ ಹತ್ತಿರ ಚಪ್ಪಲಿ ಬಾರದು, ಆದ್ದರಿಂದ ಬರಿಗಾಲಿಗೇ ಅಳತೆ. ಹೆಬ್ಬೆರಳು ಅತ್ತಿತ್ತ ಜಾರಿದರೆ ಪಕ್ಕದ ಗುಂಡಿಗೆ ತಗುಲಬಾರದು, ಹಿಮ್ಮಡಿ ಎತ್ತುವಂತಾಗಬಾರದು. ತಗಡಿನ ಸ್ವಿಚ್‌ಬೋರ್ಡ್ ಡಬ್ಬಕ್ಕೆ ತೂತು ಕೊರೆಸಿದೆ. ಗುಂಡಿಗಳು ಕಾಲಿಗೆ ಚುಚ್ಚದಿರಲೆಂದು ಔಷಧಿ ಬಾಟಲಿಗಳ ರಬ್ಬರ್ ಮುಚ್ಚಳ ತೊಡಿಸಿದೆ. ಪ್ರತಿ ಗುಂಡಿಯ ಮುಂದೆ ಒಂದು ಹಸಿರು ದೀಪ. ದೀಪ ಹತ್ತಿದ್ದರೆ ಆ ಮೈಕು ತೆರೆದಿದೆ ಎಂದರ್ಥ.

ಮೊದಲ ಸಲ ತಪ್ಪು ಮಾಡಿದೆ. ತಂತಿಯನ್ನೇ ಕಡಿಯುವ ಹಾಗೆ ಜೋಡಿಸಿದ್ದೆ. ಒತ್ತಿದಾಗಲೆಲ್ಲ ಸ್ಪೀಕರಿನಲ್ಲಿ ಟಪ್ ಎಂದು ಗುಂಡು ಹೊಡೆದ ಹಾಗಾಯಿತು. ಬಿಚ್ಚಿ, ಒತ್ತಿದಾಗ ಮೈಕಿನ ಎರಡು ತಂತಿಗಳು ಒಂದನ್ನೊಂದು ಮುಟ್ಟುವ ಹಾಗೆ ಮಾಡಿದೆ. ಈಗ ಒಮ್ಮೆ ಒತ್ತಿದರೆ ಮೈಕು ಸದ್ದಿಲ್ಲದೆ ಮೂಕವಾಗುತ್ತಿತ್ತು, ಮತ್ತೊಮ್ಮೆ ಒತ್ತಿದರೆ ತೆರೆಯುತ್ತಿತ್ತು. ಅದನ್ನು ಪರೀಕ್ಷೆ ಮಾಡುವಾಗ ಮೈಕು ಹಿಡಿದು ಹಾಡುತ್ತಿದ್ದವನು ನನ್ನ ತಮ್ಮ.

"ಅಕ್ಕ, ಇದು ಆಫ್ ಆಗಿದ್ದೇ ಗೊತ್ತಾಗಲ್ವಲ್ಲೇ! ಮಧ್ಯದಲ್ಲಿ ಕೆಟ್ಟೋದ್ರೆ?"

"ಕೆಟ್ಟೋದ್ರೆ ಕರಕರ ಅನ್ನುತ್ತೆ ಕಣೋ. ಬೆಸುಗೆ ಬಿಟ್ರೆ ಊರಿಗೆಲ್ಲ ಕೇಳುತ್ತೆ. ಸುಮ್ನೆ ನಿಂತ್ರೆ ಕಾಲು ಒತ್ತಿದೆ ಅಂತ ಅರ್ಥ," ಎಂದಿದ್ದೆ ನಾನು, ಜಂಬದಿಂದ.

ತಮ್ಮ ಕೊಡಿಗೇಹಳ್ಳಿಯಲ್ಲಿದ್ದುಕೊಂಡು ನೀರಿನ ಟ್ಯಾಂಕರ್ ಓಡಿಸುತ್ತಾನೆ. ಒಂಟಿ ಮನುಷ್ಯ, ಭಾನುವಾರದ ಊಟ ನಮ್ಮಲ್ಲಿ. ಸಹಕಾರನಗರದ ಅಪಾರ್ಟ್‌ಮೆಂಟುಗಳವರು ಅವನಿಗೆ ತಡವಾಯಿತೆಂದು ಬೈಯುವುದು ಬಿಟ್ಟರೆ ಬೇರೇನೂ ಮಾತಾಡಿದವರಲ್ಲ. ಆ ವರ್ಷ ಸೇನಾಪತಿಯ ಪಾರ್ಟಿಗೆ ಒಪ್ಪಿಕೊಂಡಿದ್ದವರು ಕಾಲು ಮುರಿದುಕೊಂಡರು. ಪಾರ್ಟು ಇವನ ಪಾಲಿಗೆ ಬಂತು. ಯುದ್ಧಕ್ಕೆ ಹೊರಡುವ ಮುಂಚೆ ಸೇನಾಪತಿ ತಾಯಿಗೆ ಹಾಡುವ ಒಂದು ಹಾಡಿದೆ. ಅದೊಂದಕ್ಕಾಗಿ ಅವನು ಗಾಡಿಯಲ್ಲಿ, ಮೋಟರಿನ ಸದ್ದಿನ ಪಕ್ಕದಲ್ಲಿ, ತಿಂಗಳುಗಟ್ಟಲೆ ಹಾಡಿಕೊಂಡ. ಟ್ಯಾಂಕರಿನ ಗೆಳೆಯರನ್ನು, ತಾನು ನೀರು ಬಿಡುವ ಕಟ್ಟಡಗಳ ವಾಚ್‌ಮನ್‌ಗಳನ್ನು, ಒಬ್ಬರನ್ನೂ ಬಿಡದೆ ಕರೆದಿದ್ದ. "ಒಂದೇ ಒಂದು ಒನ್ಸ್ ಮೋರ್ ಬಂದ್ರೆ ಸಾಕು ಅಕ್ಕ," ಎನ್ನುತ್ತಿದ್ದ.

ರಾಜನ ಪಾರ್ಟು ಭವನ ಕಟ್ಟಿಸಿದ ಗೌಡರದು. ಒಳ್ಳೆಯ ಎತ್ತರ, ದಪ್ಪ ಮೀಸೆ, ಶ್ರುತಿ ಮಾತ್ರ ಇಲ್ಲ. ಹಾಡು ಕಲಿಯುವ ಕೊನೆಯ ವಾರ ತಮ್ಮ ಆ ಹಾಡು ಹಾಡಿದಾಗ ಭವನದ ಅಡುಗೆಯವರು ಸೌಟು ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತರು. ಗೌಡರು ಎಲೆಯಡಿಕೆ ಜಗಿಯುತ್ತಾ, "ಟ್ಯಾಂಕರ್ನೋನು ಬೋ ಸಂದಾಗಿ ಆಡ್ತಾನೆ ಮೇಷ್ಟ್ರೇ. ಇಂಗೇ ಆಡುದ್ರೆ ಅವ್ನೇ ರಾಜ, ನಾವು ನೀರ್ ಒಡ್ಯಾಕ್ ಓಗ್ಬೇಕಾಯ್ತದೆ," ಎಂದರು. ಎಲ್ಲರೂ ನಕ್ಕರು. ಇವರೂ ನಕ್ಕರು. ಆಮೇಲೆ ಗೌಡರೂ ಇವರೂ ಕಾರಿನ ಹತ್ತಿರ ಬಹಳ ಹೊತ್ತು ನಿಂತಿದ್ದರು. ನಾನು ಟೀ ಲೋಟ ತೊಳೆಯುತ್ತಿದ್ದೆ.

ನಾಟಕದ ದಿನ ನನಗೆ ಮುಂದಿನ ಸಾಲಿನಲ್ಲಿ, ಹಾರ್ಮೋನಿಯಂ ಪಕ್ಕಕ್ಕೇ ಕುರ್ಚಿ. ಪೆಟ್ಟಿಗೆ ಮುತ್ತಿನಂತೆ ಕೆಲಸ ಮಾಡಿತು. ಯಾರು ಎಲ್ಲಿ ನಿಂತರೆ ಅಲ್ಲಿಯ ಮೈಕು ತೆರೆಯುತ್ತಿತ್ತು, ಹೊರಟರೆ ಮುಚ್ಚುತ್ತಿತ್ತು. ಒಂದು ಸಲವೂ ಕೂಗಲಿಲ್ಲ.

ತಮ್ಮ ಬಂದ. ಮೂರನೇ ಮೈಕಿನ ಮುಂದೆ ನಿಂತು ಕಂದ ಹೇಳಿದ. ಭವನವೆಲ್ಲ ಗಪ್‌ಚುಪ್ಪಾಯಿತು. ಹಾಡು ಎತ್ತಿಕೊಂಡ. ಮೊದಲ ಸಾಲು ಮುಗಿದು ಎರಡನೆಯದಕ್ಕೆ ದನಿ ಏರುವ ಜಾಗದಲ್ಲಿ ಇವರ ಹೆಬ್ಬೆರಳು ಎದ್ದು ರಬ್ಬರ್ ಮುಚ್ಚಳದ ಮೇಲೆ ಕೂತಿತು. ದೀಪ ಆರಿತು. ಟಪ್ ಎನ್ನಲಿಲ್ಲ.

ದೊಡ್ಡ ಫ್ಯಾನುಗಳ ಗಾಳಿಯಲ್ಲಿ ಅವನ ದನಿ ಮೂರನೇ ಸಾಲಿನಾಚೆ ಹೋಗಲಿಲ್ಲ. "ಕೇಳಲ್ಲ!" ಎಂದರು ಹಿಂದಿನಿಂದ. ತಮ್ಮ ಹಾಡುತ್ತಲೇ ನಾಲ್ಕನೇ ಮೈಕಿಗೆ ಸರಿದ. ಆ ದೀಪ ಹತ್ತಿತು. ಒಂದು ಪದ ಕೇಳಿಸಿತು, ಆರಿತು. ಎರಡನೇ ಮೈಕಿಗೆ ಬಂದ. ಹೆಬ್ಬೆರಳೂ ಬಂತು. ಪಕ್ಕದ ಗುಂಡಿಗೆ ತಗುಲದ ಹಾಗೆ ನಾನೇ ಅಳತೆ ಮಾಡಿಕೊಟ್ಟಿದ್ದ ದಾರಿ ಅದು. ಮೇಲೆ ಹಾರ್ಮೋನಿಯಂ ಮಾತ್ರ ಅವನ ಹಾಡನ್ನೇ, ಒಂದು ಸ್ವರವೂ ತಪ್ಪದೆ ನುಡಿಯುತ್ತಿತ್ತು.

"ರೀ!" ಎಂದೆ. ಇವರು ನನ್ನ ಕಡೆ ತಿರುಗಲಿಲ್ಲ.

"ಲೋ ಸೇನಾಪತಿ, ನೀರ್ ಕುಡ್ಕೊಂಡ್ ಬಾರಲೋ!" "ಟ್ಯಾಂಕರ್ ಖಾಲಿ ಕಣ್ರಪ್ಪಾ!" ಸಿಳ್ಳೆ ಬಿದ್ದವು. ಕೂಗಿದವರಲ್ಲಿ ಅವನೇ ಕರೆದಿದ್ದ ಗೆಳೆಯರೂ ಇದ್ದರು. ಅವನು ಕಿರುಚಿ ಹಾಡಿದ. ಕೊನೆಯ ಸಾಲಿನಲ್ಲಿ ಗಂಟಲು ಒಡೆಯಿತು. ಒಡೆದ ಆ ಸಾಲಿಗೆ ಮಾತ್ರ ಮೈಕು ತೆರೆದಿತ್ತು.

ಹಿಂದೆಯೇ ರಾಜ ಬಂದ. ಅವನು ನಿಂತಲ್ಲೆಲ್ಲ ಹಸಿರು ದೀಪ. ಶ್ರುತಿ ಇಲ್ಲದ ಹಾಡಿಗೆ "ಒನ್ಸ್ ಮೋರ್" ಬಂತು, ಹಾರ ಬಂತು. ಎರಡನೇ ಸಲ ಗೌಡರು ಮತ್ತೂ ಕೆಟ್ಟದಾಗಿ ಹಾಡಿದರು.

ಊಟದ ಹೊತ್ತಿಗೆ ಬಣ್ಣದ ಕೋಣೆಯಲ್ಲಿ ತಮ್ಮ ಕೊಬ್ಬರಿ ಎಣ್ಣೆ ಹಚ್ಚಿ ಅರ್ಧ ಮುಖ ಒರೆಸಿಕೊಂಡು ಕೂತಿದ್ದ. ಯಾರೋ ಪೆಟ್ಟಿಗೆಗೆ ಏನಾಯಿತೆಂದು ಕೇಳಿದರು. ಇವರು ನನ್ನ ಮುಂದೆಯೇ, "ಬೆಸುಗೆ ಬಿಟ್ಕೊಂಡಿರ್ಬೇಕು. ಹೆಂಗಸ್ರ ಕೈಕೆಲ್ಸ ನೋಡಿ," ಎಂದರು.

"ಮುದ್ದೆ ತಿರುವೋ ಕೈಗೆ ವೈರ್ ಕೊಟ್ರೆ ಇನ್ನೇನಾಗುತ್ತೆ ಮೇಷ್ಟ್ರೇ!" ಎಂದರು ಕೇಳಿದವರು. ಎಲ್ಲರೂ ನಕ್ಕರು.

"ಬೆಸುಗೆ ಬಿಟ್ಟಿಲ್ಲ," ಎಂದೆ. ನಗುವಿನಲ್ಲಿ ಅದು ಯಾರಿಗೂ ಕೇಳಲಿಲ್ಲ. ಅಥವಾ ಕೇಳಿತು.

ಗೌಡರು ಕಿರೀಟ ತೆಗೆಯದೆಯೇ ಒಳಗೆ ಬಂದು ನನ್ನ ಕೈಯಿಂದ ಚೀಲ ತೆಗೆದುಕೊಂಡರು. "ಈ ಪೆಟ್ಗೆ ನಮ್ ಭವನ್ದಾಗೇ ಇರ್ಲಿ ಕಣವ್ವಾ. ಬೋ ಸಂದಾಗೈತೆ. ಮುಂದಿನ್ ನಾಟ್ಕಕ್ಕೂ ಮೇಷ್ಟ್ರೇ ಕಲಿಸ್ಬೇಕು." ತಮ್ಮ ಎಣ್ಣೆ ಕೈಯನ್ನು ಹಾಗೆಯೇ ನಿಲ್ಲಿಸಿ ಅವರನ್ನು ನೋಡಿದ. ಕೆಟ್ಟ ಪೆಟ್ಟಿಗೆಯನ್ನು ಯಾರಾದರೂ ಕೇಳಿ ಇಟ್ಟುಕೊಳ್ಳುತ್ತಾರೆಯೇ? ಭವನದ ಊಟವನ್ನು ಅವನು ಮುಟ್ಟಲಿಲ್ಲ.

ಸಂಜೆ ಮನೆಯಲ್ಲಿ, ಯಾಕೆ ಹಾಗೆ ಮಾಡಿದಿರೆಂದು ಇವರನ್ನು ಕೇಳಿಯೇ ಬಿಟ್ಟೆ. ಅಡುಗೆಮನೆ ಬಾಗಿಲಲ್ಲಿ ನಿಂತು, ಸಣ್ಣ ದನಿಯಲ್ಲಿ, "ಅವ್ನು ನಿನ್ನ ತಮ್ಮ, ಸಹಿಸ್ಕೋತಾನೆ ಕಣೇ. ಅವ್ರು ಸಹಿಸ್ಕೊಳಲ್ಲ," ಎಂದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ನಾನು ಮುದ್ದೆಗೆ ಎಸರಿಟ್ಟೆ.

ಭಾನುವಾರವಾದ್ದರಿಂದ ತಮ್ಮ ಬಂದ. ಬರುವುದಿಲ್ಲ ಎಂದುಕೊಂಡಿದ್ದೆ. ತಟ್ಟೆಯ ಮುಂದೆ ಕೂತು, ಒಡೆದ ಗಂಟಲಿನಲ್ಲೇ, "ಚೆನ್ನಾಗ್ ಮಾಡಿದ್ದೀಯ ಅಕ್ಕ. ಕರಕರ ಅಂತ ಒಂದ್ ಸದ್ದೂ ಬರ್ಲಿಲ್ಲ," ಎಂದ.

ಇವರು ತುತ್ತು ನುಂಗಿದರು. "ಊಟ ಆದ್ಮೇಲೆ ಆ ಹಾಡು ಹಾಡೋ. ನಾನ್ ನುಡಿಸ್ತೀನಿ," ಎಂದರು.

"ಪೆಟ್ಟಿಗೆ ಅಲ್ಲೇ ಬಿಟ್ ಬಂದ್ರಲ್ಲ ಭಾವ. ನಿಮ್ಗೆ ಬೇಜಾರಾದ್ರೆ ನನ್ನ ನಿಲ್ಸೋದ್ ಹೆಂಗೆ?"

ತಮ್ಮ ಕೈ ತೊಳೆದು, ಇವರ ಕಾಲು ನೋಡಿ, ಚಪ್ಪಲಿ ಮೆಟ್ಟಿಕೊಂಡು ಹೋದ. ಮುಂದಿನ ಭಾನುವಾರಕ್ಕೆ ಅವನ ಪಾಲಿನ ಹಿಟ್ಟು ಅಳೆಯಬೇಕಾಗಿ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ.

ಅಂದು ತಿಂದದ್ದು ಹುರುಳಿ ಮೊಳಕೆ ಸಾರು, ಮುದ್ದೆ, ಬೆಳಗಿನ ಮಜ್ಜಿಗೆ. ತಮ್ಮ ಅರ್ಧ ಮುದ್ದೆ ಬಿಟ್ಟಿದ್ದ. ನಾನು ಅದನ್ನು ತಿಂದೆ. ಮೊದಲು ನಿದ್ದೆ ಹೋದವರು ಇವರು. ನಿದ್ದೆಯಲ್ಲೂ ಹೆಬ್ಬೆರಳು ಚಾದರದೊಳಗೆ ಎದ್ದು ಕೂರುತ್ತಿತ್ತು, ತಾಳ ತಪ್ಪದೆ.