ತೊಡೆ ತಟ್ಟುವ ಭಾಷಣ

ಒಂಬತ್ತನೇ ತರಗತಿಗೆ ಬರುವಷ್ಟರಲ್ಲಿ ಮಸ್ಕಿಯ ನಮ್ಮ ಹೈಸ್ಕೂಲಿನ ಎಲ್ಲರ ದನಿಯೂ ನನ್ನ ಗಂಟಲಲ್ಲಿ ಸೇರಿಕೊಂಡಿತ್ತು. ಹೆಡ್‌ಮಾಸ್ತರರು ಮೂಗಿನಿಂದ ಮಾತಾಡುವುದು, ಗಣಿತದ ಸರ್ ವಾಕ್ಯದ ಕೊನೆಯನ್ನು ನುಂಗುವುದು, ಜವಾನ ಗಂಟೆ ಹೊಡೆಯುವ ಮುಂಚೆ ಆಕಳಿಸುವುದು, ಎಲ್ಲಾ ಬರುತ್ತಿತ್ತು. ಇರದಿದ್ದದ್ದು ನನ್ನ ಸ್ವಂತ ದನಿ ಒಂದೇ. ಅದು ಆ ವರ್ಷವೇ ಒಡೆದು, ಒಂದು ಸಾಲಿನಲ್ಲಿ ಹೋತಿನಂತೆ, ಮುಂದಿನ ಸಾಲಿನಲ್ಲಿ ಅದರ ಮರಿಯಂತೆ ಕೇಳುತ್ತಿತ್ತು.

ಲಿಂಗಸುಗೂರಿನಲ್ಲಿ ತಾಲ್ಲೂಕು ಮಟ್ಟದ ಸ್ಪರ್ಧೆ. ಭಾಷಣಕ್ಕೆ ನಾನು. ಸಮೂಹಗಾನಕ್ಕೆ ಆರು ಜನ ಬೇಕೇ ಬೇಕು, ನಮ್ಮಲ್ಲಿ ಹಾಡುವವರು ಐದೇ. ಹೀಗಾಗಿ ಆರನೆಯವನಾಗಿಯೂ ನನ್ನನ್ನೇ ನಿಲ್ಲಿಸಿದರು. ಎರಡನ್ನೂ ಕಲಿಸುತ್ತಿದ್ದವರು ಕನ್ನಡದ ಸರ್.

"ನೀ ಬಾಯಿ ಅಷ್ಟಽ ತೆಗಿಯಪ್ಪಾ. ದನಿ ತೆಗದ್ಯೋ, ನಂಬರ್ ಹೋತು."

"ನೊಣ ಹೊಕ್ಕರ ಏನ್ ಮಾಡ್ಲಿರೀ ಸರ್?"

"ನುಂಗು. ಹಾಡು ನಿಲ್ಲಿಸಬ್ಯಾಡ."

ಹಾಡುವಾಗ ಸರ್ ಕಣ್ಣು ಮುಚ್ಚಿಕೊಂಡು, ಬೇಸಿಗೆಯಲ್ಲಿ ಬಿಟ್ಟ ಕಾಲುವೆ ನೀರಿನಂತೆ ಸಾಗುತ್ತಿದ್ದರು. ಭಾಷಣ ಕಲಿಸುವಾಗ ಮಾತ್ರ ಕೆಲವು ಪದಗಳ ಮುಂದೆ ಗಕ್ಕನೆ ನಿಲ್ಲುತ್ತಿದ್ದರು. ತುಟಿ ಬಿಗಿಯುತ್ತಿತ್ತು. ಬಲಗೈ ತೊಡೆಗೆ ಎರಡು ಏಟು ಹಾಕುತ್ತಿತ್ತು. ಆಮೇಲೆ ಪದ ಕವಣೆಕಲ್ಲಿನಂತೆ ಹಾರಿ ಬರುತ್ತಿತ್ತು. ಭಾಷಣಕಲೆ ಎಂದರೆ ಇದೇ ಎಂದು ನಾವೆಲ್ಲ ನಂಬಿದ್ದೆವು. ನಮ್ಮ ಶಾಲೆಯಲ್ಲಿ ಭಾಷಣವನ್ನು ಯಾರೂ ಓದಿ ಕಲಿಯುತ್ತಿರಲಿಲ್ಲ. ಸರ್ ಒಂದು ವಾಕ್ಯ ಹೇಳಬೇಕು, ನಾವು ಹಿಂದೆಯೇ ಹೇಳಬೇಕು. ವಾಕ್ಯದ ಜೊತೆ ಆ ನಿಲ್ಲುವುದೂ ಬರುತ್ತಿತ್ತು, ತೊಡೆಯ ಏಟೂ ಬರುತ್ತಿತ್ತು. ನನಗಿಂತ ಮುಂಚಿನ ಹುಡುಗರೂ ಹೀಗೇ ತೊಡೆ ತಟ್ಟಿ ಬಂದಿದ್ದರು. ಬಹುಮಾನ ಮಾತ್ರ ಒಬ್ಬರೂ ತಂದಿರಲಿಲ್ಲ.

ಹೊರಡುವ ಹಿಂದಿನ ದಿನ ಹೆಡ್‌ಮಾಸ್ತರರು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಸರ್‌ಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು.

"ಈ ಸಲಾನೂ ಭಾಷಣದಾಗ ಬರಿಗೈಲೆ ಬಂದ್ರ, ಹಾಡು, ಭಾಷಣ ಎರಡೂ ಗಣಿತದವ್ರಿಗೆ ಕೊಟ್ಟಬಿಡ್ತೀನ್ರಿ."

ಗಣಿತದ ಸರ್ ಹಾಡಿದರೆ ಕಟ್ಟಿದ ಎಮ್ಮೆ ಹಗ್ಗ ಹರಿಯುತ್ತಿತ್ತು. ನಮ್ಮ ಸರ್ ಹಾರ್ಮೋನಿಯಂ ಮೇಲಿನ ಬಟ್ಟೆಯನ್ನು ಎಳೆದು ಸರಿಮಾಡಿದರು, ಮತ್ತೊಮ್ಮೆ ಸರಿಮಾಡಿದರು. ಏನಾದರೂ ಒಂದು ಬಹುಮಾನ ತರಲೇಬೇಕು ಎಂದು ನನಗೆ ಮೊದಲ ಸಲ ಅನ್ನಿಸಿತು.

ಮರುದಿನ ಸಿಂಧನೂರಿನಿಂದ ಬಂದ ಬಸ್ಸು ಕಾಲಿಡಲು ಜಾಗವಿಲ್ಲದಷ್ಟು ತುಂಬಿತ್ತು. ನಾನು ಕಂಡಕ್ಟರನ ದನಿಯಲ್ಲಿ, "ಹಿಂದ ಸರೀರೀ, ಹಿಂದ ಸರೀರಿ," ಎಂದೆ. ಜನ ಪಾಪ ಸರಿದರು.

"ಯಾವನ್ಲೇ ಅಂವ, ನನ್ನ ನೌಕರಿ ಮಾಡಾಂವ?" ಎಂದು ನಿಜವಾದ ಕಂಡಕ್ಟರ್ ಒದರಿದ. ನಾನು ಸರ್ ಬೆನ್ನ ಹಿಂದೆ ಅಡಗಿದೆ. ಅವರ ಬೆನ್ನು ನಗುತ್ತಿತ್ತು.

ಸಮೂಹಗಾನದಲ್ಲಿ ನಮಗೆ ಯಾವ ಬಹುಮಾನವೂ ಬರಲಿಲ್ಲ. ನನ್ನ ಬಾಯಿ ಮಾತ್ರ ಆರೂ ಜನರಲ್ಲಿ ಚೆನ್ನಾಗಿ ತೆರೆದಿತ್ತು. ಆಮೇಲೆ ಭಾಷಣ. ವಿಷಯ ಪುಸ್ತಕ. ಹಟ್ಟಿಯಿಂದ ಬಂದ ಹುಡುಗಿ ಉಸಿರೇ ತೆಗೆದುಕೊಳ್ಳದೆ ಹೇಳಿ ಇಳಿದಳು. ನಾನು ಹತ್ತಿದೆ. 'ಪುಸ್ತಕ' ಅನ್ನುವಲ್ಲಿ ಸರ್ ಪ್ರತಿ ಸಲವೂ ನಿಲ್ಲುತ್ತಿದ್ದರು, ನಾನೂ ನಿಂತೆ. ತುಟಿ ಬಿಗಿದೆ, ಎರಡು ಏಟು ಹಾಕಿದೆ. ಯಾರೋ ಕಿಸಕ್ಕೆಂದರು. ಮೆಚ್ಚಿಕೊಂಡರು ಅಂತ ತಿಳಿದು ಮುಂದಿನ ಸಲ ಇನ್ನೂ ಜೋರಾಗಿ ಹೊಡೆದೆ. ಭಾಷಣ ಮುಗಿಯುವಷ್ಟರಲ್ಲಿ ನನ್ನ ತೊಡೆ ಉರಿಯುತ್ತಿತ್ತು.

ತೀರ್ಪುಗಾರರಲ್ಲಿ ಹಿರಿಯರೊಬ್ಬರು ಕನ್ನಡಕ ತೆಗೆದರು. "ಏನೋ ತಮ್ಮಾ, ಭಾಷಣಕ್ಕ ಬಂದೀಯೋ, ಕುಸ್ತಿಗೆ ಬಂದೀಯೋ?"

ಇಡೀ ಹಾಲ್ ನಕ್ಕಿತು. ನಾನೂ ನಕ್ಕೆ.

"ಮಸ್ಕಿ ಹುಡುಗ್ರು ವರ್ಷಾ ಹಿಂಗಽ ನಿಂದರ್ತೀರಿ. ಯಾರು ಕಲಿಸ್ಯಾರ ನಿಮಗ?"

ಸರ್ ಕಡೆ ನೋಡಿದೆ. ಮೂರನೇ ಸಾಲಿನ ಕೊನೆಯಲ್ಲಿ ಕುಳಿತಿದ್ದರು. ತುಟಿ ಬಿಗಿದಿತ್ತು. ಅಲುಗದ ಹಾಗೆ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಿದ್ದರು. ಆಗ ತಿಳಿಯಿತು. ಇಷ್ಟು ವರ್ಷ ನಾವು ಕಲೆ ಅಂದುಕೊಂಡು ಕಲಿತದ್ದು ಅವರ ನಾಲಿಗೆಯ ಕಷ್ಟವನ್ನು.

"ಸರ್ ನೆಟ್ಟಗಽ ಕಲಿಸ್ಯಾರ್ರಿ," ಎಂದೆ. "ಇದು ನಂದಽ ಅಡ್ನಾಡಿ ಚಟ. ಮೊದಲಿನ ಹುಡುಗ್ರಿಗೂ ನಾನಽ ಹಚ್ಚೀನ್ರಿ."

"ಹತ್ತು ವರ್ಷದಿಂದ ನೋಡಾಕತ್ತೀನಿ. ಆವಾಗ ನೀ ಚಡ್ಡಿನರ ಹಾಕ್ತಿದ್ದೇನು?"

ಜನ ಮತ್ತೆ ನಕ್ಕರು. ಈ ಸಲ ನಗು ನನ್ನೊಬ್ಬನ ಮೇಲೆ ಬಿದ್ದಿತು, ನಾನು ಹಗುರಾದೆ. ಹಿರಿಯರು ಕೈ ಎತ್ತಿದರು. "ಚಟ ಬಿಟ್ಟು ಕೊನೀ ಮಾತು ಇನ್ನೊಮ್ಮೆ ಹೇಳು, ನೋಡೋಣು."

ಸರ್ ದನಿ ಬಿಟ್ಟರೆ ಆ ಮಾತುಗಳನ್ನು ಬೇರೆ ಯಾವ ದನಿಯಲ್ಲೂ ನಾನು ಹೇಳಿರಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಇದ್ದ ದನಿಯಲ್ಲೇ, ನಾನು, ಹೋತು, ಮರಿ ಮೂವರೂ ಸೇರಿ ಹೇಳಿ ಮುಗಿಸಿದೆವು. ಮೂರನೇ ಬಹುಮಾನ ಬಂತು.

ಸಂಜೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಸರ್ ಎಲ್ಲರಿಗೂ ಮಂಡಾಳ ಒಗ್ಗರಣೆ, ಅಂದರೆ ಒಗ್ಗರಣೆ ಹಾಕಿದ ಮಂಡಕ್ಕಿ, ಜೊತೆಗೆ ಮಿರ್ಚಿ ಕೊಡಿಸಿದರು. ಉಳಿದವರು ಕೈ ತೊಳೆಯಲು ಹೋದಾಗ ನನ್ನ ಕಡೆ ತಿರುಗಿದರು.

"ವರ್ಷಾ ನೋಡ್ತಿದ್ದೆ. ಹುಡುಗ್ರು ನಂದು ಎತ್ಕೊಂಡು... ಬ್ಯಾಡ್ರೋ ಅನ್ನಬೇಕಂದ್ರ, ಯಾಕ ಅಂತ ಹೇಳಬೇಕಾಗ್ತಿತ್ತು."

ನಾನು ನನ್ನ ತಟ್ಟೆಯ ಮಿರ್ಚಿಯನ್ನು ಅವರ ತಟ್ಟೆಗೆ ಇಟ್ಟೆ.

"ನನ್ನ ದನಿ ಯಾವಾಗಿಂದ ತೆಗಿಯಾಕತ್ತೀ?"

"ಎಂಟನೇತ್ತಿಂದ್ರಿ."

"ಚೊಲೋ ಬರ್ತದೇನು?"

"ಭಾಳ ಚೊಲೋ ಬರ್ತದ್ರೀ ಸರ್."

ಅವರು ನಕ್ಕ ರಭಸಕ್ಕೆ ಬಾಯೊಳಗಿನ ಮಂಡಾಳು ನನ್ನ ಸರ್ಟಿಫಿಕೇಟಿನ ಮೇಲೆ ಸಿಡಿಯಿತು. ಎಣ್ಣೆಯ ಕಲೆ ಇವತ್ತಿಗೂ ಇದೆ.

ಹೆಡ್‌ಮಾಸ್ತರರು "ಮೂರನೇದಾ? ಇರ್ಲಿ ಬಿಡ್ರಿ," ಎಂದು ಮೂಗಿನಲ್ಲೇ ಒಪ್ಪಿದರು. ಹಾಡು, ಭಾಷಣ ಸರ್ ಹತ್ತಿರವೇ ಉಳಿದವು, ಎಮ್ಮೆಗಳೂ ನೆಮ್ಮದಿಯಿಂದಿದ್ದವು. ಮಸ್ಕಿಯ ಚಹಾದಂಗಡಿಯಲ್ಲಿ ಗೆಳೆಯರು ಸಿಕ್ಕಾಗ ಈಗಲೂ ಒಬ್ಬೊಬ್ಬರ ದನಿ ಕೇಳುತ್ತಾರೆ. ಹೆಡ್‌ಮಾಸ್ತರರದು ಆಗುತ್ತದೆ, ಗಣಿತದವರದು ಆಗುತ್ತದೆ. "ಕನ್ನಡ ಸರ್‌ದು ಮಾಡಲೇ," ಎಂದರೆ ಮಾತ್ರ, "ಅದು ನನಗ ಬರಂಗಿಲ್ಲೋ," ಅನ್ನುತ್ತೇನೆ.

ಬರುತ್ತದೆ.