ಎದುರು ಮನೆಗೆ ಹೋದ ದಿಂಬು

ಕಳೆದ ವಾರ ವಿಜಯವಾಡದಿಂದ ಒಂದು ದಿಂಬು ಬಂತು. ನನ್ನದೇ ದಿಂಬು. ನೀಲಿ ಹೂವಿನ ಗವಸು ಹಾಗೇ ಇತ್ತು, ನುಸಿಗುಳಿಗೆಯ ವಾಸನೆಯೊಂದು ಹೊಸದು. ಮೂಗಿಗೆ ಬಡಿದದ್ದೇ ತಡ, ಸೀರೆಗೂ ಇದೇ ವಾಸನೆಯಿರುತ್ತಿದ್ದ ಎದುರು ಮನೆಯ ಆಂಟಿ ನೆನಪಾದರು…

ಬ್ಯಾಂಕಿನ ವರ್ಗಾವಣೆಯ ಮೇಲೆ ಧಾರವಾಡದಿಂದ ವಿಶಾಖಪಟ್ಟಣಕ್ಕೆ ಬಂದವಳು ನಾನು. ಎಂವಿಪಿ ಕಾಲೋನಿಯ ಈ ಮೂರನೇ ಮಹಡಿಯ ಮನೆಗೆ ಬಂದ ಮೇಲೆ ಬಲಮಂಡಿ ಬದಲಿಸುವ ಆಪರೇಷನ್ ಆಯಿತು. ಫಿಸಿಯೋಥೆರಪಿಯವರು ಕಲಿಸಿದ್ದು ಸುಲಭವೇ: ಹಿಮ್ಮಡಿಯ ಕೆಳಗೆ ಟವೆಲ್ ಸುರುಳಿ ಇಟ್ಟು, ಮಂಡಿಯನ್ನು ಕೆಳಕ್ಕೆ ಒತ್ತಿ ಐದು ಎಣಿಸಬೇಕು. ಒತ್ತಿದರೆ ಜೀವ ಹೋಗುತ್ತಿತ್ತು. ನಮ್ಮ ಯಜಮಾನರು ಮರುಗಿ ಮಂಡಿಯ ಕೆಳಗೆ ದಿಂಬು ತುರುಕುತ್ತಿದ್ದರು. "ಇರ್ಲಿ ತಗೋ, ಸ್ವಲ್ಪ ಹಾಯ್ ಅನಸ್ತದ." ಅನಿಸುತ್ತಿತ್ತು ಕೂಡ. ನಡೆಯಬೇಕು, ಆದರೆ ನೋಯಬಾರದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬ ಧೋರಣೆ ನಮ್ಮಿಬ್ಬರದು.

ಒಂದು ಸಂಜೆ ಅದೇ ಮಹಡಿಯ ಎದುರು ಬಾಗಿಲಿನ ಆಂಟಿ ಡಬ್ಬಿಯಲ್ಲಿ ಪೆಸರಟ್ಟು ದೋಸೆ ಹಿಡಿದು ನೋಡಲು ಬಂದರು. ದಿಂಬು ಕಂಡವರೇ ಡಬ್ಬಿ ಕೆಳಗಿಟ್ಟು, ಅದನ್ನು ಎಳೆದು ಕಂಕುಳಲ್ಲಿ ಇಟ್ಟುಕೊಂಡರು.

"ಇದಿ ನಾ ದಗ್ಗರ ಉಂಟುಂದಿ, ಮೇಡಂಗಾರು. ನಡಿಚಿ ವಚ್ಚಿ ತೀಸುಕೋಂಡಿ."

ತಮ್ಮ ಬಳಿಯೇ ಇರುತ್ತದೆ, ನಡೆದು ಬಂದು ತೆಗೆದುಕೊಳ್ಳಿ ಅಂತ. ನನಗೆ ಮೈಯೆಲ್ಲ ಉರಿಯಿತು. ಆಗ ಅವರು ಸೀರೆ ತುಸು ಎತ್ತಿ ತಮ್ಮ ಮಂಡಿ ತೋರಿಸಿದರು. ಅದೇ ಉದ್ದ ಹೊಲಿಗೆಯ ಗುರುತು, ಆದರೆ ಕಾಲು ನೆಟ್ಟಗಾಗಿರಲಿಲ್ಲ. ಅವರ ಮಗಳೂ ಅಕ್ಕರೆಯಿಂದ ತಿಂಗಳುಗಟ್ಟಲೆ ದಿಂಬು ಇಟ್ಟಿದ್ದಳಂತೆ. ಮಡಿಚಿದ ಮಂಡಿ ಹಾಗೇ ಬಿಗಿದುಕೊಂಡಿತ್ತು. ಟವೆಲ್ ಸುರುಳಿಯನ್ನು ನಾನೇ ಹಿಮ್ಮಡಿಯ ಕೆಳಗೆ ಸರಿಸಿಕೊಂಡೆ.

ಮರುದಿನದಿಂದ ಬೆಳಿಗ್ಗೆ ಸಂಜೆ ಅವರೇ ಕುಂಟುತ್ತ ಬಂದು ತೆಲುಗಿನಲ್ಲಿ ಎಣಿಸತೊಡಗಿದರು. ನಾಲ್ಕಕ್ಕೆ ಬಂದು ಬೇಕೆಂದೇ ನಿಲ್ಲುತ್ತಿದ್ದರು. ನಾನು ಕನ್ನಡದಲ್ಲಿ ಬೈಯುತ್ತಿದ್ದೆ, ಅವರು ನಗುತ್ತಿದ್ದರು. ಆರನೆಯ ವಾರ ವಾಕರ್ ಬಿಟ್ಟು, ಕೋಲು ಹಿಡಿದು ಅವರ ಬಾಗಿಲು ತಟ್ಟಿದೆ. ಅವರು ನನ್ನ ಮುಖ ನೋಡಲಿಲ್ಲ, ಕಾಲು ನೋಡಿದರು. ನೆಟ್ಟಗಿತ್ತು. ಕಣ್ಣೊರೆಸಿಕೊಂಡು ಕಾಫಿ ಮಾಡಿದರು. ಮಾತಿನ ಭರದಲ್ಲಿ ದಿಂಬಿನ ವಿಷಯ ಇಬ್ಬರಿಗೂ ಮರೆತೇಹೋಯಿತು.

ಮುಂದಿನ ವರ್ಷ ಅವರು ಮಗಳಿರುವ ವಿಜಯವಾಡಕ್ಕೆ ಹೊರಟುಹೋದರು. ಫೋನಿನಲ್ಲಿ ಪ್ರತಿಸಲವೂ ಕರೆಯುತ್ತಿದ್ದರು. ರೈಲಿನಲ್ಲಿ ಅರ್ಧ ದಿನದ ದಾರಿ… ಕಾಲು ಸರಿಯಾಗಿಯೇ ಇತ್ತು. ಹೋಗಲಿಲ್ಲ, ಅಷ್ಟೇ.

ದಿಂಬು ತಂದವಳು ಅವರ ಮಗಳು. ಅಮ್ಮ ತೀರಿಕೊಂಡು ತಿಂಗಳಾಯಿತು ಎಂದಳು. ಬೀರುವಿನ ಮೇಲಿದ್ದ ಇದನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲವಂತೆ. ಮೇಡಂ ನಡೆದು ಬಂದು ಒಯ್ಯುತ್ತಾರೆ ಎನ್ನುತ್ತಿದ್ದರಂತೆ.

ಅವಳನ್ನು ಬೀಳ್ಕೊಡಲು ಮೂರು ಮಹಡಿ ಇಳಿದು ಆಟೋ ಸ್ಟ್ಯಾಂಡಿನವರೆಗೂ ಹೋದೆ. ಮಂಡಿ ಎಲ್ಲೂ ನೋಯಲಿಲ್ಲ.